ಪ್ರತಿದಿನವೂ ಶಕ್ತಿಮೀರಿ ಓಡುತ್ತಿದ್ದರೂ ನನ್ನ ವೇಗ ಏಕೆ ಹೆಚ್ಚುತ್ತಿಲ್ಲ?

ಮೂರು ತಿಂಗಳಿಂದ ದಿನವೂ ಏದುಸಿರು ಬರುವಂತೆ ಓಡುತ್ತಿದ್ದರೂ ಹತ್ತು ಕಿಲೋಮೀಟರ್ ಓಟದ ಸಮಯ ಇಳಿದಿಲ್ಲ, ಇನ್ನೂ ಜೋರಾಗಿ ಓಡಬೇಕೇ ಎಂದು ಕೇಳಿದ್ದೀರಿ. ದೂರದ ಓಟಗಾರರಿಗೆ ತರಬೇತಿ ನೀಡುವ ನನ್ನ ಸಲಹೆ ಇದಕ್ಕೆ ವಿರುದ್ಧವಾದುದು: ವಾರದ ಹೆಚ್ಚಿನ ದಿನಗಳಲ್ಲಿ ನೀವು ಈಗಿನದಕ್ಕಿಂತ ಸಾಕಷ್ಟು ನಿಧಾನವಾಗಿ ಓಡಬೇಕು.

ಹತ್ತು ಕಿಲೋಮೀಟರ್ ಓಟಕ್ಕೆ ಬೇಕಾದ ಶಕ್ತಿಯ ಬಹುಪಾಲು ಆಮ್ಲಜನಕದ ನೆರವಿನಿಂದ ಸ್ನಾಯುಕೋಶಗಳೊಳಗಿನ ಪುಟ್ಟ ಶಕ್ತಿ ತಯಾರಿಕಾ ಘಟಕಗಳಾದ ಮೈಟೋಕಾಂಡ್ರಿಯಾಗಳಲ್ಲಿ ತಯಾರಾಗುತ್ತದೆ. ದೀರ್ಘಕಾಲದ ಓಟದ ಅಭ್ಯಾಸದಿಂದ ಈ ಮೈಟೋಕಾಂಡ್ರಿಯಾಗಳ ಕಿಣ್ವಗಳ ಸಾಮರ್ಥ್ಯ ಸುಮಾರು ಇಮ್ಮಡಿಯಾಗುತ್ತದೆ ಎಂಬುದನ್ನು ಅಮೆರಿಕದ ವಿಜ್ಞಾನಿ ಜಾನ್ ಹೊಲೊಸ್ಝಿ 1967ರಲ್ಲಿ ಇಲಿಗಳ ಮೇಲಿನ ಪ್ರಯೋಗದಿಂದ ತೋರಿಸಿಕೊಟ್ಟರು. ಜೊತೆಗೆ ಸ್ನಾಯುಗಳಲ್ಲಿ ಲೋಮನಾಳಗಳು (ಅತಿ ಸಣ್ಣ ರಕ್ತನಾಳಗಳು) ಹೆಚ್ಚುತ್ತವೆ, ಹೃದಯವು ಒಂದೊಂದು ಬಡಿತಕ್ಕೂ ಹೆಚ್ಚು ರಕ್ತವನ್ನು ಹೊರದೂಡುತ್ತದೆ. ಈ ಬದಲಾವಣೆಗಳಿಗೆ ಓಟದ ಒಟ್ಟು ಅವಧಿ ಬಹಳ ಮುಖ್ಯ, ಮತ್ತು ಆ ಅವಧಿಯನ್ನು ದಣಿಯದೆ ಕೂಡಿಸಿಕೊಳ್ಳಲು ನಿಧಾನದ ಓಟವೇ ದಾರಿ. ದಿನವೂ ಬಿರುಸಾಗಿ ಓಡಿದರೆ ಸ್ನಾಯುಗಳು ಇಂಧನವಾಗಿ ಕೂಡಿಟ್ಟುಕೊಳ್ಳುವ ಗ್ಲೈಕೋಜೆನ್ ಎಂಬ ಪಿಷ್ಟದ ಸಂಗ್ರಹ ಪೂರ್ತಿ ತುಂಬುವ ಮೊದಲೇ ಮತ್ತೆ ಕರಗುತ್ತದೆ. ಆಗ ವೇಗದ ದಿನದಂದು ನಿಜವಾದ ವೇಗವೂ ಬರುವುದಿಲ್ಲ, ಉಳಿದ ದಿನಗಳಲ್ಲಿ ಚೇತರಿಕೆಯೂ ಆಗುವುದಿಲ್ಲ. ನೀವು ಸಿಕ್ಕಿಕೊಂಡಿರುವುದು ನಿಜವಾದ ವೇಗವೂ ಅಲ್ಲದ, ನಿಧಾನವೂ ಅಲ್ಲದ ಈ ನಡುವಿನ ವೇಗದಲ್ಲೇ ಎಂದು ನನಗನಿಸುತ್ತದೆ.

ನ್ಯೂಜಿಲೆಂಡಿನ ಪೀಟರ್ ಸ್ನೆಲ್ 1960 ಮತ್ತು 1964ರ ಒಲಿಂಪಿಕ್ಸ್‌ಗಳಲ್ಲಿ 800 ಮೀಟರ್ ಓಟದ ಚಿನ್ನ ಗೆದ್ದವರು. ಎರಡು ನಿಮಿಷದೊಳಗೆ ಮುಗಿಯುವ ಆ ಸ್ಪರ್ಧೆಗಾಗಿ ತರಬೇತುದಾರ ಆರ್ಥರ್ ಲಿಡಿಯಾರ್ಡ್, ಸ್ನೆಲ್ ಅವರಿಂದ ಸುಮಾರು 35 ಕಿಲೋಮೀಟರುಗಳ ಗುಡ್ಡಗಾಡಿನ ಓಟ ಮಾಡಿಸುತ್ತಿದ್ದರು. ದೂರದ ಓಟದ ತಳಹದಿ ಎಷ್ಟು ಮುಖ್ಯವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ನಿಧಾನವೆಂದರೆ ಎಷ್ಟು ಎಂಬುದನ್ನು ಅಳೆಯಲು ಗಡಿಯಾರ ಬೇಕಿಲ್ಲ. ಓಡುತ್ತಲೇ ಎರಡು ಮೂರು ಉದ್ದನೆಯ ವಾಕ್ಯಗಳನ್ನು ಗಟ್ಟಿಯಾಗಿ ಹೇಳಿ ನೋಡಿ. ವಾಕ್ಯದ ನಡುವೆ ಉಸಿರಿಗಾಗಿ ತಡೆಯಬೇಕಾಗಿ ಬಂದರೆ ವೇಗ ತಗ್ಗಿಸಿ. ಏರು ಸಿಕ್ಕಾಗ ನಡೆಯಬೇಕಾಗಿ ಬಂದರೂ ಸಂಕೋಚ ಬೇಡ. ವಾರಕ್ಕೆ ಒಂದು ಅಥವಾ ಎರಡು ದಿನ ಮಾತ್ರ, ಉದಾಹರಣೆಗೆ 1000 ಮೀಟರುಗಳ ಐದು ವೇಗದ ಸುತ್ತುಗಳನ್ನು ನಡುನಡುವೆ ಮೂರು ನಿಮಿಷದ ಮೆಲ್ಲನೆಯ ಓಟದೊಂದಿಗೆ ಮಾಡಿ. ಕೆಲವು ವಾರಗಳಲ್ಲಿ ಅದೇ ನಿಧಾನದ ವೇಗಕ್ಕೆ ಹೃದಯಬಡಿತ ಕಡಿಮೆಯಾಗುತ್ತಾ ಬರಬೇಕು. ಹಾಗಾಗದೆ, ಸಾಕಷ್ಟು ನಿದ್ರೆ ಮತ್ತು ಊಟವಿದ್ದರೂ ಸುಸ್ತು ಬಿಡದಿದ್ದರೆ, ವೈದ್ಯರನ್ನು ಕಂಡು ರಕ್ತದಲ್ಲಿನ ಹಿಮೋಗ್ಲೋಬಿನ್ ಮತ್ತು ಫೆರಿಟಿನ್ (ದೇಹದ ಕಬ್ಬಿಣದ ಸಂಗ್ರಹವನ್ನು ಸೂಚಿಸುವ ಪ್ರೋಟೀನ್) ಪರೀಕ್ಷೆ ಮಾಡಿಸಿ, ಏಕೆಂದರೆ ದೂರದ ಓಟಗಾರರಲ್ಲಿ ಕಬ್ಬಿಣಾಂಶದ ಕೊರತೆ ಅಪರೂಪವಲ್ಲ.