ಮುಖವನ್ನು ಗಾಸಿಗೊಳಿಸದೆ ಸತ್ತ ಚರ್ಮವನ್ನು ತೆಗೆಯುವುದು ಹೇಗೆ?

ಹುಬ್ಬಳ್ಳಿಯ ಧೂಳಿನಲ್ಲಿ ದಿನವೂ ಸ್ಕೂಟರ್ ಮೇಲೆ ಓಡಾಡಿ ಮುಖ ಒರಟಾಗಿದೆಯೆಂದು ನಿತ್ಯ ಸಕ್ಕರೆ ಹಾಗೂ ಲಿಂಬೆರಸ ಹಚ್ಚಿ ತಿಕ್ಕುತ್ತಿರುವುದಾಗಿಯೂ, ಈಗ ಬರೀ ನೀರು ತಾಗಿದರೂ ಉರಿಯುತ್ತಿರುವುದಾಗಿಯೂ ಬರೆದು, ಮೃದುವಾದ ವಿಧಾನ ಯಾವುದೆಂದು ಕೇಳಿದ್ದೀರಿ. ಉರಿ ಪೂರ್ತಿ ಹೋಗುವವರೆಗೆ ದಯವಿಟ್ಟು ಯಾವುದರಿಂದಲೂ ತಿಕ್ಕಬೇಡಿರಿ. ಅದಕ್ಕೆ ಎರಡು ಮೂರು ವಾರ ಹಿಡಿದರೂ ಚಿಂತೆಯಿಲ್ಲ. ಅಲ್ಲಿಯವರೆಗೆ ಸೌಮ್ಯ ಫೇಸ್‌ವಾಶ್, ಸುವಾಸನೆಯಿಲ್ಲದ ಮಾಯಿಶ್ಚರೈಸರ್, ಹಗಲಿನಲ್ಲಿ ಸನ್‌ಸ್ಕ್ರೀನ್ ಇಷ್ಟೇ ಸಾಕು.

ಧಾರವಾಡದಲ್ಲಿ ಕಾಲೇಜು ಓದುವಾಗ ನಾನೂ ಲಿಂಬೆಹೋಳಿನಿಂದ ಕೆನ್ನೆ ತಿಕ್ಕಿ ಬಿಸಿಲಿಗೆ ಹೋಗಿದ್ದೆ, ಅದರಿಂದಾದ ಕಪ್ಪು ಕಲೆ ಮಾಸಲು ಎಂಟು ತಿಂಗಳು ಬೇಕಾಯಿತು. ಚರ್ಮದ ಮೇಲ್ಮೈಯ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) ಸುಮಾರು 5 ಇದ್ದರೆ ಲಿಂಬೆರಸದ್ದು 2ರ ಆಸುಪಾಸಿನಲ್ಲಿದೆ. ಅದರಲ್ಲಿರುವ ಕೆಲವು ಅಂಶಗಳು ಬಿಸಿಲು ಬಿದ್ದಾಗ ಚರ್ಮವನ್ನು ಸುಟ್ಟಂತೆ ಮಾಡುತ್ತವೆ, ಮತ್ತು ನಮ್ಮಂಥ ಕಂದು ಚರ್ಮದಲ್ಲಿ ಸಣ್ಣ ಉರಿಯೂತವೂ ಕಲೆಯಾಗಿ ಉಳಿಯುತ್ತದೆ. ಸಕ್ಕರೆಯ ಹರಳಂತೂ ಮುಖಕ್ಕೆ ತೀರ ಚೂಪಾದುದು.

ಧೂಳು ಬೇರೆ, ಸತ್ತ ಚರ್ಮ ಬೇರೆ. ಧೂಳು ತೊಳೆದರೆ ಹೋಗುತ್ತದೆ. ಹೊರಪದರದ ಕೋಶಗಳೋ ತಾವಾಗಿಯೇ ಉದುರುತ್ತವೆ. ತಳದಲ್ಲಿ ಹುಟ್ಟಿದ ಕೋಶವೊಂದು ಮೇಲೆ ಬಂದು ಉದುರಲು ಹರೆಯದಲ್ಲಿ ಸುಮಾರು ನಾಲ್ಕು ವಾರ ಬೇಕಾಗುವುದರಿಂದ, ದಿನಾ ತಿಕ್ಕುವವರು ಕೊನೆಗೆ ತೆಗೆಯುವುದು ಇನ್ನೂ ಮೈಯನ್ನು ಕಾಯಬೇಕಾದ ಪದರವನ್ನೇ.

ನಮ್ಮ ಅಜ್ಜಿ ದೀಪಾವಳಿಯ ಎಣ್ಣೆಸ್ನಾನದಲ್ಲಿ ಮೊದಲು ಮೈಗೆಲ್ಲ ಎಣ್ಣೆ ಹಚ್ಚಿ, ಅದನ್ನು ತೆಗೆಯಲು ಮಾತ್ರ ಕಡಲೆಹಿಟ್ಟು ಬಳಸುತ್ತಿದ್ದರು. ಒಣ ಮುಖಕ್ಕೆ ಹಿಟ್ಟನ್ನು ತಿಕ್ಕಿದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. ನಾವು ಹಿಟ್ಟನ್ನು ಉಳಿಸಿಕೊಂಡು ಎಣ್ಣೆಯನ್ನು ಬಿಟ್ಟೆವು. ಚರ್ಮ ಸುಧಾರಿಸಿದ ಮೇಲೆ ನೀವು ವಾರಕ್ಕೊಮ್ಮೆ, ಜರಡಿ ಹಿಡಿದ ನುಣ್ಣನೆಯ ಹೆಸರುಹಿಟ್ಟನ್ನು ಮೊಸರಿನಲ್ಲಿ ತೆಳ್ಳಗೆ ಕಲಸಿ, ಒದ್ದೆ ಮುಖದ ಮೇಲೆ ಬೆರಳ ತುದಿಯಿಂದ ಅರ್ಧ ನಿಮಿಷ ಆಡಿಸಿ ತೊಳೆಯಬಹುದು.

ನನಗೆ ಹೆಚ್ಚು ನಂಬಿಕೆಯಿರುವುದು ತಿಕ್ಕುವ ಅಗತ್ಯವೇ ಇಲ್ಲದ ವಿಧಾನದ ಮೇಲೆ. ಮೊಸರಿನಲ್ಲಿರುವ ಲ್ಯಾಕ್ಟಿಕ್ ಆಮ್ಲವೇ ಶೇಕಡಾ 5ರ ಪ್ರಮಾಣದಲ್ಲಿ ಸೀರಮ್ ರೂಪದಲ್ಲಿ ಸಿಗುತ್ತದೆ. ಅದು ಸತ್ತ ಕೋಶಗಳ ನಡುವಿನ ಬೆಸುಗೆಯನ್ನು ಸಡಿಲಿಸುತ್ತದೆ. ಎಣ್ಣೆ ಚರ್ಮವಿದ್ದು ಮೊಡವೆಯಾಗುತ್ತಿದ್ದರೆ ಶೇಕಡಾ 2ರ ಸ್ಯಾಲಿಸಿಲಿಕ್ ಆಮ್ಲ ಹೆಚ್ಚು ಹೊಂದುತ್ತದೆ, ಏಕೆಂದರೆ ಅದು ಎಣ್ಣೆಯಲ್ಲಿ ಕರಗಿ ರಂಧ್ರದೊಳಗೆ ಇಳಿಯುತ್ತದೆ. ಎರಡರಲ್ಲಿ ಒಂದನ್ನೇ ಆರಿಸಿ, ವಾರಕ್ಕೆ ಒಂದು ರಾತ್ರಿ ಮಾತ್ರ ಹಚ್ಚಿರಿ, ಹಿಟ್ಟು ಬಳಸಿದ ವಾರ ಇದು ಬೇಡ. ಲ್ಯಾಕ್ಟಿಕ್ ಆಮ್ಲ ಹಚ್ಚಿದ ಚರ್ಮ ಬಿಸಿಲಿಗೆ ಬೇಗ ಕೆಂಪಾಗುವುದರಿಂದ ಮರುದಿನ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ಇಲ್ಲದೆ ಸ್ಕೂಟರ್ ಹತ್ತಬೇಡಿರಿ. ಮೊಡವೆಗೆ ಟ್ರೆಟಿನಾಯಿನ್ ಅಥವಾ ಅಡಾಪಲೀನ್ ಹಚ್ಚುತ್ತಿದ್ದರೆ ವೈದ್ಯರನ್ನು ಕೇಳದೆ ಅದರ ಜೊತೆಗೆ ಈ ಆಮ್ಲಗಳನ್ನು ಬಳಸಬಾರದು.

ಡಿಸೆಂಬರ್, ಜನವರಿಯ ಒಣಗಾಳಿಯಲ್ಲಿ ನಮ್ಮ ಕಡೆ ಮುಖ ಬಿರಿದು ಹೊಟ್ಟೇಳುವುದು ಹೆಚ್ಚಾಗಿ ಬರೀ ಒಣತನದಿಂದ; ಆಗ ಒದ್ದೆ ಮುಖಕ್ಕೇ ಮಾಯಿಶ್ಚರೈಸರ್ ಹಚ್ಚಿದರೆ ಸಾಕು.

ಮೂರು ವಾರವಾದರೂ ಉರಿ ಇಳಿಯದಿದ್ದರೆ ಚರ್ಮವೈದ್ಯರಿಗೆ ತೋರಿಸಿರಿ. ಔಷಧಿ ಅಂಗಡಿಯಲ್ಲಿ ಕೇಳಿದೊಡನೆ ಕೊಡುವ ಸ್ಟಿರಾಯ್ಡ್ ಬೆರೆತ ಕ್ರೀಮನ್ನು ಮಾತ್ರ ಹಚ್ಚಲೇಬೇಡಿರಿ, ಉರಿ ಎರಡೇ ದಿನದಲ್ಲಿ ತಣಿದಂತೆ ಕಂಡರೂ ತಿಂಗಳುಗಟ್ಟಲೆ ಬಳಸಿದರೆ ಅದು ಮುಖದ ಚರ್ಮವನ್ನು ತೆಳುವಾಗಿಸುತ್ತದೆ.