ಓದುಗರ ಪ್ರಶ್ನೆ: ದಂತವೈದ್ಯರು ಚುನಾವಣೆಗೆ ನಿಲ್ಲುವುದಾದರೆ

ಪ್ರಶ್ನೆ: ತಾಲ್ಲೂಕು ಆಸ್ಪತ್ರೆಯಲ್ಲಿ ಸರ್ಕಾರಿ ದಂತವೈದ್ಯನಾಗಿದ್ದೇನೆ. ಟಿಕೆಟ್ ಖಾತ್ರಿಯಾದ ಮೇಲೆ ರಾಜೀನಾಮೆ ಕೊಟ್ಟರೆ ಸಾಕೇ?
— ಓದುಗರು, ಕೊಪ್ಪಳ ಜಿಲ್ಲೆ

ಉತ್ತರ: ಸಾಲದು. ರಾಜೀನಾಮೆ ಕೊಟ್ಟರಾಗಲಿಲ್ಲ, ನಾಮಪತ್ರ ಪರಿಶೀಲನೆಗೆ ಮೊದಲೇ ಅದು ಅಂಗೀಕಾರವಾಗಿರಬೇಕು. ಇಲ್ಲವಾದರೆ ಸಂವಿಧಾನದ 191ನೇ ವಿಧಿಯ ಲಾಭದಾಯಕ ಹುದ್ದೆಯ (ಸರ್ಕಾರಿ ಸಂಬಳದ ಹುದ್ದೆಯಲ್ಲಿರುವವರು ಶಾಸಕರಾಗುವಂತಿಲ್ಲ ಎಂಬ) ತೊಡಕು ಬರುತ್ತದೆ. 2023ರ ವಿಧಾನಸಭಾ ಚುನಾವಣೆಗೆ ಅಧಿಸೂಚನೆ ಹೊರಟಿದ್ದು ಏಪ್ರಿಲ್ 13ಕ್ಕೆ, ಪರಿಶೀಲನೆ ನಡೆದದ್ದು 21ಕ್ಕೆ. ಅಷ್ಟರೊಳಗೆ ನಿಮ್ಮ ಕಡತ ಜಿಲ್ಲೆ ದಾಟಿ ಬೆಂಗಳೂರಿಗೆ ಹೋಗಿ ಆದೇಶವಾಗಿ ಬರುವುದು ಕಷ್ಟ. ಇಲಾಖಾ ವಿಚಾರಣೆಯೋ ಸರ್ಕಾರಕ್ಕೆ ಕಟ್ಟಬೇಕಾದ ಬಾಕಿಯೋ ಇದ್ದರೆ ಇನ್ನೂ ತಡ. ಟಿಕೆಟ್ ಹಂಚಿಕೆ ಕೊನೆ ಗಳಿಗೆಯವರೆಗೂ ಎಳೆಯುವುದು ಎಲ್ಲ ಪಕ್ಷಗಳ ರೂಢಿ, ಅದನ್ನು ನಂಬಿ ಕೂರಬೇಡಿ. ಸ್ವಯಂನಿವೃತ್ತಿಗೆ ಅರ್ಹರಾಗಿದ್ದರೆ ಅದೇ ಲೇಸು: ರಾಜೀನಾಮೆ ಕೊಟ್ಟರೆ ಪಿಂಚಣಿಯ ಲೆಕ್ಕಕ್ಕೆ ಹಿಂದಿನ ಸೇವೆಯೇ ಉಳಿಯುವುದಿಲ್ಲ. ನೌಕರಿಯಲ್ಲಿರುವಷ್ಟು ದಿನ ಪಕ್ಷದ ವೇದಿಕೆ ಹತ್ತುವಂತೆಯೂ ಇಲ್ಲ.

ಪ್ರಶ್ನೆ: ಹೋಬಳಿ ಕೇಂದ್ರದಲ್ಲಿ ಸ್ವಂತ ಕ್ಲಿನಿಕ್ ಇದೆ, ವೋಟು ಮಾತ್ರ ಹುಟ್ಟೂರಿನಲ್ಲಿದೆ. ಪಕ್ಷೇತರಳಾಗಿ ಇಲ್ಲೇ ನಿಲ್ಲಬಹುದೇ?
— ಓದುಗರು, ಚಿತ್ರದುರ್ಗ ಜಿಲ್ಲೆ

ಉತ್ತರ: ನಿಲ್ಲಬಹುದು. 25 ವರ್ಷ ತುಂಬಿ, ರಾಜ್ಯದ ಯಾವುದೇ ವಿಧಾನಸಭಾ ಕ್ಷೇತ್ರದ ಮತದಾರರಾಗಿದ್ದರೆ ಸಾಕು. ಮೀಸಲು ಕ್ಷೇತ್ರವಾದರೆ ಮಾತ್ರ ಆ ವರ್ಗಕ್ಕೆ ಸೇರಿರಬೇಕು. ಆದರೆ ಹುಟ್ಟೂರಿನ ಮತದಾರರ ಪಟ್ಟಿಯ ದೃಢೀಕೃತ ನಕಲು ಕೈಯಲ್ಲಿರಲಿ. ಪಕ್ಷೇತರರಿಗೆ 10 ಸೂಚಕರು (ನಾಮಪತ್ರಕ್ಕೆ ಸಹಿ ಹಾಕಿ ನಿಮ್ಮ ಹೆಸರು ಸೂಚಿಸುವವರು) ಬೇಕು, ಆ ಹತ್ತೂ ಜನ ನೀವು ನಿಲ್ಲುವ ಕ್ಷೇತ್ರದ ಮತದಾರರೇ ಆಗಿರಬೇಕು. ಎಡವುವುದು ಇಲ್ಲೇ. ದಿನಾ ಕ್ಲಿನಿಕ್ಕಿಗೆ ಬರುವವರ ಊರು ಪಕ್ಕದ ಕ್ಷೇತ್ರಕ್ಕೆ ಸೇರಿರಬಹುದು. ಮತದಾರರ ಪಟ್ಟಿಯ ಭಾಗಸಂಖ್ಯೆ, ಕ್ರಮಸಂಖ್ಯೆ ತಾಳೆ ನೋಡಿಯೇ ಸಹಿ ಹಾಕಿಸಿ. ನಾಲ್ಕು ನಾಮಪತ್ರದವರೆಗೆ ಸಲ್ಲಿಸಬಹುದು, ಬೇರೆ ಬೇರೆ ಸೂಚಕರಿಂದ ಎರಡಾದರೂ ಹಾಕಿ.

ಠೇವಣಿ 10,000 ರೂಪಾಯಿ, ಪರಿಶಿಷ್ಟ ಜಾತಿ, ಪಂಗಡದವರಿಗೆ 5,000. ಸಿಂಧು ಮತಗಳಲ್ಲಿ ಆರನೇ ಒಂದಕ್ಕಿಂತ ಹೆಚ್ಚು ಬರದಿದ್ದರೆ ಅದು ಹೋದಂತೆ.

ಆಸ್ತಿ, ಸಾಲ, ಮೊಕದ್ದಮೆಗಳ ವಿವರ ಕೊಡುವ ನಮೂನೆ 26ರ ಪ್ರಮಾಣಪತ್ರವನ್ನು ಅವಸರದಲ್ಲಿ ತುಂಬಬೇಡಿ. ನಿಮ್ಮದು, ಪತಿಯದು, ಅವಲಂಬಿತರದು, ಅವಿಭಕ್ತ ಕುಟುಂಬದ್ದು, ಎಲ್ಲರ ಐದು ವರ್ಷದ ಆದಾಯ ತೆರಿಗೆ ವಿವರ ಬೇಕು. ಡೆಂಟಲ್ ಚೇರಿಗೋ ಎಕ್ಸ್‌ರೇ ಯಂತ್ರಕ್ಕೋ ತೆಗೆದ ಸಾಲ ಬಾಕಿಯಿದ್ದರೆ ಅದೂ ಸೇರಬೇಕು. ಅನ್ವಯಿಸದ ಕಲಮಿನಲ್ಲಿ ‘ಇಲ್ಲ’ ಎಂದು ಬರೆಯಿರಿ. ಖಾಲಿ ಬಿಟ್ಟು, ಚುನಾವಣಾಧಿಕಾರಿ ಸೂಚಿಸಿದ ಮೇಲೂ ತುಂಬದಿದ್ದರೆ ನಾಮಪತ್ರ ತಿರಸ್ಕೃತವಾಗುತ್ತದೆ.

ವೆಚ್ಚದ ಮಿತಿ 40 ಲಕ್ಷ. ನಾಮಪತ್ರಕ್ಕೆ ಒಂದು ದಿನ ಮೊದಲಾದರೂ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯಿರಿ, ಕ್ಲಿನಿಕ್ಕಿನ ಗಲ್ಲಾಪೆಟ್ಟಿಗೆಯಿಂದ ನೇರವಾಗಿ ಖರ್ಚು ಮಾಡಬೇಡಿ. ಫಲಿತಾಂಶದ 30 ದಿನದೊಳಗೆ ಲೆಕ್ಕ ಕೊಡಬೇಕು, ಸೋತವರೂ ಕೊಡಬೇಕು. ಕೊಡದಿದ್ದರೆ ಆಯೋಗ ಮೂರು ವರ್ಷ ಅನರ್ಹಗೊಳಿಸಬಹುದು.

ಪ್ರಶ್ನೆ: ಪ್ರತಿ ತಿಂಗಳು ಉಚಿತ ದಂತ ತಪಾಸಣಾ ಶಿಬಿರ ಮಾಡುತ್ತೇನೆ. ಚುನಾವಣೆ ಹೊತ್ತಿನಲ್ಲೂ ನಡೆಸಲೇ?
— ಓದುಗರು, ಬೀದರ್ ಜಿಲ್ಲೆ

ಉತ್ತರ: ಚುನಾವಣೆ ಘೋಷಣೆಯಾದ ದಿನವೇ ನಿಲ್ಲಿಸಿ. ಫೀಸು ಪಡೆದು ಹಲ್ಲು ಕೀಳುವುದಕ್ಕೆ, ಹುಳುಕು ತುಂಬುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಬಿಟ್ಟಿ ಹಲ್ಲಿನ ಸೆಟ್, ನಿಮ್ಮ ಫೋಟೋ ಅಂಟಿಸಿದ ಬ್ರಷ್ಷು ಪೇಸ್ಟು ಹಂಚಿದರೆ ಮಾತ್ರ ಜನಪ್ರತಿನಿಧಿ ಕಾಯ್ದೆಯ 123ನೇ ಕಲಮಿನಡಿ ಲಂಚವೆನಿಸಿ, ಗೆದ್ದ ಮೇಲೂ ಆಯ್ಕೆ ಅಸಿಂಧುವಾಗಬಹುದು. ಇನ್ನೊಂದು ಮಾತು: ಶಿಬಿರದ ಸಾಲು ನೋಡಿ ಮತ ಎಣಿಸಬೇಡಿ. ಹಲ್ಲುನೋವು ಕಳೆದುಕೊಂಡವರು ಡಾಕ್ಟರನ್ನು ಮೆಚ್ಚುತ್ತಾರೆ, ಮತ ಕೇಳಲು ಬೂತ್ ಮಟ್ಟದಲ್ಲಿ ಬೇರೆಯೇ ಜನ ಬೇಕು. ತ್ರಿಪುರಾದ ಮುಖ್ಯಮಂತ್ರಿ ಮಾಣಿಕ್ ಸಹಾ ಬಾಯಿ ಮತ್ತು ದವಡೆಯ ಶಸ್ತ್ರಚಿಕಿತ್ಸಕರು. ಅವರು 2016ರಲ್ಲಿ ಬಿಜೆಪಿ ಸೇರಿ, 2020ರಲ್ಲಿ ರಾಜ್ಯಾಧ್ಯಕ್ಷರಾಗಿ, 2022ರಲ್ಲಿ ಮುಖ್ಯಮಂತ್ರಿಯಾದದ್ದು ಸಂಘಟನೆಯ ಹಾದಿಯಲ್ಲಿ.

ಪ್ರಶ್ನೆ: ಬಿಡಿಎಸ್ ಮಾಡಿದವರಿಗೆ ಪದವೀಧರ ಕ್ಷೇತ್ರ ಸುಲಭವಲ್ಲವೇ?
— ಓದುಗರು, ಹಾಸನ ಜಿಲ್ಲೆ

ಉತ್ತರ: ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ ಪದವೀಧರರೇ ಮತ ಹಾಕಿ ಆರಿಸುವುದು 7 ಸ್ಥಾನ. ವಯಸ್ಸು 30 ತುಂಬಿರಬೇಕು. ಒಂದೊಂದು ಕ್ಷೇತ್ರವೂ ಹಲವು ಜಿಲ್ಲೆಗಳಷ್ಟು ಅಗಲವಾದ್ದರಿಂದ ಸುಲಭವೆನ್ನಲಾರೆವು. ಇಲ್ಲಿ ನಿಜವಾದ ಕೆಲಸ ಮತದಾನಕ್ಕೆ ತಿಂಗಳುಗಟ್ಟಲೆ ಮೊದಲೇ ಶುರುವಾಗುತ್ತದೆ: ಪಟ್ಟಿ ಪ್ರತಿ ಸಲವೂ ಹೊಸದಾಗಿ ತಯಾರಾಗುತ್ತದೆ, ಹಳೆ ಮತದಾರರೂ ನೋಂದಣಿ ಅರ್ಜಿಯಾದ ನಮೂನೆ 18 ಮತ್ತೆ ತುಂಬಬೇಕು. ಅರ್ಹತಾ ದಿನವಾದ ನವೆಂಬರ್ 1ಕ್ಕೆ ಪದವಿ ಮುಗಿದು ಮೂರು ವರ್ಷವಾಗಿರಬೇಕು. ಮತದಾರರ ನೋಂದಣಿ ಮಾಡಿಸದ ಅಭ್ಯರ್ಥಿಗೆ ಪ್ರಚಾರದ ವೇಳೆ ಸಿಗುವುದು ವೋಟಿಲ್ಲದ ಪದವೀಧರರು.