ಒಂದು ಕಣ್ಣು ನೀಲಿ ಇರುವ ಬಿಳಿ ಬೆಕ್ಕಿನ ಮರಿಗೆ ಕಿವಿ ಕೇಳಿಸುತ್ತದೆಯೇ?

ಎರಡು ತಿಂಗಳ ಬಿಳಿ ಮರಿ, ಒಂದು ಕಣ್ಣು ನೀಲಿ, ಇನ್ನೊಂದು ಹಳದಿ, ಕರೆದರೆ ತಿರುಗುವುದಿಲ್ಲ. ಆದರೆ ಪಕ್ಕದ ಮನೆಯ ಸಯಾಮಿ ಬೆಕ್ಕಿಗೆ ಎರಡೂ ಕಣ್ಣು ನೀಲಿಯಿದ್ದೂ ಕಿವಿ ಚುರುಕು, ಏಕೆ ಎಂದು ಕೇಳಿದ್ದೀರಿ. ಸಯಾಮಿಯಿಂದಲೇ ಶುರು ಮಾಡುತ್ತೇನೆ.

ಬಣ್ಣ ತಯಾರಿಸುವ ಮೆಲನೊಸೈಟ್ ಕೋಶಗಳು ಭ್ರೂಣದ ಬೆನ್ನಿನುದ್ದಕ್ಕೂ ಹುಟ್ಟಿ, ಅಲ್ಲಿಂದ ಚರ್ಮಕ್ಕೆ, ಕಣ್ಣಿಗೆ, ಒಳಕಿವಿಗೆ ಹರಡಿಕೊಳ್ಳುತ್ತವೆ. ಸಯಾಮಿಯಲ್ಲಿ ಕೋಶಗಳು ಎಲ್ಲ ಕಡೆ ತಲುಪಿರುತ್ತವೆ, ಬಣ್ಣ ಮಾಡುವ ಕಿಣ್ವ ಮಾತ್ರ ಮೈಬಿಸಿಗೆ ಸೋಲುತ್ತದೆ. ಅದಕ್ಕೇ ತಣ್ಣಗಿರುವ ಕಿವಿ, ಮೂತಿ, ಕಾಲು, ಬಾಲ ಮಾತ್ರ ಕಪ್ಪು, ಬಣ್ಣ ಸಾಲದ ಕಣ್ಣು ನೀಲಿ. ನಿಮ್ಮ ಮರಿಯದು ಬೇರೆ ಲೆಕ್ಕ. ಮೈಯೆಲ್ಲ ಬಿಳುಪಾಗಿಸುವ ಪ್ರಬಲ ಜೀನ್ ಎಂದರೆ ಕಿಟ್ ಎಂಬ ಜೀನಿನೊಳಗೆ ಸೇರಿಕೊಂಡ ಹಳೆಯ ರೆಟ್ರೊವೈರಸ್ಸಿನ (ಜೀವಿಯ ಜೀನುಗಳೊಳಗೇ ನುಸುಳುವ ವೈರಸ್) ತುಂಡು; ಇದು ಗೊತ್ತಾದದ್ದು 2014ರಲ್ಲಿ. ಅದಿದ್ದರೆ ಕೋಶಗಳು ದಾರಿಯಲ್ಲೇ ಉಳಿಯುತ್ತವೆ, ಇಲ್ಲವೇ ಸಾಯುತ್ತವೆ. ಕಣ್ಣಿಗೆ ತಲುಪದಿದ್ದರೆ ನೀಲಿ ಕಣ್ಣು, ಕಿವಿಗೆ ತಲುಪದಿದ್ದರೆ ಕಿವುಡು.

ಕಿವಿಗೆ ಬಣ್ಣವೇಕೆ ಅನ್ನಿಸಬಹುದು. ಬೇಕಾದದ್ದು ಬಣ್ಣವಲ್ಲ, ಕೋಶ. ಸಯಾಮಿಗೆ ಅದಿದೆ, ಅದಕ್ಕೇ ಕಿವಿ ಚುರುಕು. ಬಸವನಹುಳುವಿನಂತೆ ಸುರುಳಿಯಾದ ಕಾಕ್ಲಿಯಾದೊಳಗಿನ ದ್ರವದಲ್ಲಿ ಪೊಟ್ಯಾಸಿಯಂ ಹೆಚ್ಚಿರಬೇಕು, ಅದರಲ್ಲಿ ವಿದ್ಯುತ್ ಒತ್ತಡ ನಿಲ್ಲಬೇಕು. ಅದನ್ನು ಉಳಿಸುವ ಪದರದಲ್ಲಿ ಮೆಲನೊಸೈಟ್ ಕೋಶಗಳದೂ ಪಾಲಿದೆ. ಅವಿಲ್ಲದಿದ್ದರೆ ಹುಟ್ಟಿದ ಕೆಲವೇ ವಾರಗಳಲ್ಲಿ ಆ ದ್ರವ ತುಂಬಿದ ಕೋಣೆ ಕುಸಿದು, ಸದ್ದು ಹಿಡಿಯುವ ರೋಮಕೋಶಗಳು ಸಾಯುತ್ತವೆ. ಅವು ಮತ್ತೆ ಹುಟ್ಟುವುದಿಲ್ಲ. ಕಿವಿಗೆ ಹನಿ ಹಾಕಿ ಫಲವಿಲ್ಲ.

ಬಿಳಿ ಬೆಕ್ಕುಗಳಲ್ಲಿ ನೀಲಿ ಕಣ್ಣೇ ಇಲ್ಲದವುಗಳಲ್ಲಿ ಶೇ. 17ರಿಂದ 22, ಒಂದು ನೀಲಿ ಕಣ್ಣಿನವುಗಳಲ್ಲಿ ಸುಮಾರು ಶೇ. 40, ಎರಡೂ ನೀಲಿಯಿರುವವುಗಳಲ್ಲಿ ಶೇ. 65ರಿಂದ 85 ಕಿವುಡು. ನೀಲಿ ಕಣ್ಣಿನ ಬೆಕ್ಕುಗಳೆಲ್ಲ ಕಿವುಡು ಎಂದು 1859ರಲ್ಲಿ ಡಾರ್ವಿನ್ ಬರೆದದ್ದು ಅತಿಯಾಯಿತು. ಒಂದೇ ಕಿವಿ ಹೋಗಿದ್ದರೆ ಹೆಚ್ಚಾಗಿ ನೀಲಿ ಕಣ್ಣಿನ ಕಡೆಯದು.

ಕರೆದರೆ ತಿರುಗದ್ದು ಪರೀಕ್ಷೆಯಲ್ಲ. ಕೇಳಿಸಿಯೂ ಬಾರದ ಬೆಕ್ಕುಗಳೇ ಹೆಚ್ಚು. ಮರಿ ನಿದ್ದೆಯಲ್ಲಿದ್ದಾಗ ಪಕ್ಕದ ಕೋಣೆಯಿಂದ ಸ್ಟೀಲ್ ತಟ್ಟೆಗೆ ಚಮಚದಿಂದ ಹೊಡೆಯಿರಿ. ಬೆನ್ನ ಹಿಂದೆಯೇ ನಿಂತು ಚಪ್ಪಾಳೆ ತಟ್ಟಿದರೆ ಗಾಳಿ ಮೀಸೆಗೆ ತಾಗುತ್ತದೆ. ಮರದ ಹಲಗೆ, ಹಾಸಿಗೆ ನಡುಕ ಒಯ್ಯುತ್ತವೆ. ಗೋಡೆಯ ಮೇಲಿನ ನೆರಳೂ ಮೋಸ ಮಾಡುತ್ತದೆ. ಕಿವಿಯ ತುದಿ ಮಿಡಿದರೂ ಸಾಕು, ಕೇಳಿಸಿದೆ. ಕುಕ್ಕರ್ ಸೀಟಿಗೂ ಮಿಸುಕದೆ ಮಲಗಿದ್ದರೆ ಅನುಮಾನ ಗಟ್ಟಿ. ಆದರೆ ಒಂದೇ ಕಿವಿಯ ಕಿವುಡು ಮನೆಯಲ್ಲಿ ಗೊತ್ತಾಗುವುದಿಲ್ಲ. ಅದಕ್ಕೆ ಮಕ್ಕಳಿಗೆ ಮಾಡುವ ಬೆರಾ ಪರೀಕ್ಷೆಯೇ ಬೇಕು: ಚರ್ಮದಡಿ ಸಣ್ಣ ಸೂಜಿಗಳನ್ನಿಟ್ಟು, ಒಂದೊಂದೇ ಕಿವಿಗೆ ಟಿಕ್ ಟಿಕ್ ಸದ್ದು ಕೊಟ್ಟು, 10 ಮಿಲಿಸೆಕೆಂಡಿನೊಳಗೆ ಏಳುವ ಅಲೆಗಳನ್ನು ನೋಡುತ್ತಾರೆ. ಕಿವುಡು ಕಿವಿಯದು ಚಪ್ಪಟೆ ಗೆರೆ. ಆರು ವಾರ ದಾಟಿದ ಮರಿಗೆ ಮಾಡಬಹುದು.

ನೆತ್ತಿಯ ಮೇಲೆ ಬೂದು ಚುಕ್ಕೆಯಿದೆಯೇ ನೋಡಿ. ಇದ್ದರೆ ಸಾಮಾನ್ಯವಾಗಿ ಬಿಳುಪಿನ ಜೀನ್ ಒಂದೇ ಪ್ರತಿ ಇದೆ ಎಂದರ್ಥ. ವರ್ಷದೊಳಗೆ ಚುಕ್ಕೆ ಮಾಸುತ್ತದೆ. ಎರಡು ಪ್ರತಿ ಇರುವವುಗಳಲ್ಲಿ ಕಿವುಡು ಹೆಚ್ಚು. ಬಿಳಿಗೆ ಬಿಳಿ ಕೂಡಿಸಬಾರದು ಎನ್ನುವುದು ಅದಕ್ಕೇ.

ಕಿವುಡು ಎಂದು ತಿಳಿದರೆ ಹೊರಗೆ ಬಿಡಬೇಡಿ. ಒಂದು ಕಿವಿ ಚೆನ್ನಾಗಿದ್ದರೂ ಬೀದಿಗೆ ಸಾಲದು: ಸದ್ದು ಯಾವ ಕಡೆಯಿಂದ ಬಂತೆಂದು ತಿಳಿಯದೆ, ಬರುತ್ತಿರುವ ಸ್ಕೂಟರಿನತ್ತಲೇ ಓಡೀತು.